ಭಟ್ಟಿ ಕೋಳಿಯ ವೈನಿ

“ಸುನೀ, ಮೂಗು!”

ವೈನಿ ಹೀಗೆ ಕೂಗಿದಳೆಂದರೆ ನಾನು ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು ಹೋಗಿ ಆಕೆಯ ಮೂಗು ತುರಿಸಬೇಕು. ಆ ಹೊತ್ತಿಗೆ ಆಕೆಯ ಬಲಗೈ ತತ್ತಿ ಒಡೆದು ಕಲಸಿದ ಬೋಗುಣಿಯಲ್ಲಿ, ಎಡಗೈ ಟೋಸ್ಟಿನ ಪುಡಿಯ ಪರಾತದಲ್ಲಿ. ಒಂದು ಕೈ ಹಸಿ, ಒಂದು ಕೈ ಒಣ, ಇದು ಆಕೆಯ ಕಾಯ್ದೆ. ಹಸಿ ಕೈ ಪುಡಿಗೆ ತಾಗಿತೋ, ಪುಡಿ ಗಂಟು ಕಟ್ಟಿ ಕೋಳಿಗೆ ಹತ್ತುವುದಿಲ್ಲ. ಒಣ ಕೈ ತತ್ತಿಗೆ ತಾಗಿತೋ, ಕೋಳಿಯ ಬದಲು ಬೆರಳಿಗೇ ಪುಡಿ ಮೆತ್ತಿಕೊಳ್ಳುತ್ತದೆ. ಸರಿಯಾಗಿ ಅಂಥ ಹೊತ್ತಿಗೇ ಆಕೆಗೆ ಮೂಗು ತುರಿಸಬೇಕು.

“ಈ ಮೂಗಿಗೆ ಹೆಂಗ ಗೊತ್ತಾಗತೈತೋ ಏನೋ ಬೇ, ನನ್ನ ಎರಡೂ ಕೈ ಸಿಕ್ಕೊಂಡಾವಂತ,” ಅಂದು ಮುಖ ಮುಂದೆ ಮಾಡುತ್ತಿದ್ದಳು. ನಾನು ತುರಿಸುತ್ತಿದ್ದೆ. “ಎಡಕ್ಕ. ಇನ್ನೊಂಚೂರು ಎಡಕ್ಕ. ಹಾಂ, ಬದುಕಿದೆ.”

ವೈನಿ ಅಂದರೆ ನನ್ನ ಅಣ್ಣನ ಹೆಂಡತಿ, ಶೋಭಾ. ನಾನು ಗಂಡನ ಮನೆಯಲ್ಲಿ ಬಾಳಲಾಗದೆ ಹೊಳ್ಳಿ ಬಂದವಳು. ಕಲಘಟಗಿಯಲ್ಲಿ ಅಣ್ಣನ ಮನೆಯ ಪಡಸಾಲೆಯಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸು ಹೊಲಿಯುತ್ತೇನೆ. ಬಂದ ಹೊಸದರಲ್ಲಿ ಓಣಿಯವರೆಲ್ಲ ಯಾಕೆ ಬಂದೆ, ಎಂದು ಹೋಗುತ್ತೀ ಅಂತ ಕೇಳಿದ್ದೇ ಕೇಳಿದ್ದು. ವೈನಿ ಮಾತ್ರ ಏನೂ ಕೇಳಲಿಲ್ಲ. ನನ್ನ ಚೀಲ ಒಳಗಿಟ್ಟು, ಒಂದು ಬುಟ್ಟಿ ಬಳ್ಳೊಳ್ಳಿ ತಂದು ಮುಂದೆ ಇಟ್ಟು, “ಸುಲಿ,” ಅಂದಳು. ಸುಲಿಯುತ್ತ ಸುಲಿಯುತ್ತ ನಾನು ಅತ್ತೆ, ಆಕೆ ಬಳ್ಳೊಳ್ಳಿಯ ಘಾಟು ಅಂತ ಎಲ್ಲರಿಗೂ ಹೇಳಿದಳು. ಅವತ್ತಿನಿಂದ ನನಗೆ ಆಕೆಯೆಂದರೆ ಪ್ರಾಣ.

ಆಕೆಯ ತವರು ಲೋಂಡಾ. ಅವರಪ್ಪ ಗೋವಾದ ಒಂದು ದೊಡ್ಡ ಹೋಟೆಲಿನಲ್ಲಿ ಅಡುಗೆಗೆ ಇದ್ದವರು. ರಜೆಗೆ ಊರಿಗೆ ಬಂದಾಗ ಮಗಳನ್ನು ಬಾಜೂಕ ಕೂಡಿಸಿಕೊಂಡು ಅಲ್ಲಿಯ ಅಡುಗೆಗಳನ್ನು ಕಲಿಸಿದ್ದರಂತೆ. ನಮ್ಮದು ಬೇಕರಿ ಮನೆತನ. ಅಂಗಡಿ ಈಗ ಬಸ್ ಸ್ಟ್ಯಾಂಡ್ ಹತ್ತಿರ, ಅಲ್ಲಿ ಕರೆಂಟಿನ ಒಲೆ ಬಂದಿದೆ. ಅಜ್ಜನ ಕಾಲದ ಇಟ್ಟಂಗಿಯ ಭಟ್ಟಿ ಮನೆಯ ಹಿತ್ತಲಲ್ಲಿ, ಒಂದು ಸಣ್ಣ ಕೋಣೆಯೊಳಗೆ, ಹಾಗೇ ಉಳಿದಿತ್ತು. ಅದರಲ್ಲಿ ಬೆಕ್ಕು ಮರಿ ಹಾಕುತ್ತಿತ್ತು, ಅಷ್ಟೇ ಅದರ ಉಪಯೋಗ.

ಆ ಭಟ್ಟಿಗೆ ಮತ್ತೆ ಬೆಂಕಿ ಹಚ್ಚಿದವಳು ವೈನಿಯೇ. ಯಾರೂ ಆಕೆಗೆ ಹಚ್ಚು ಅಂದಿರಲಿಲ್ಲ. ನಮ್ಮಣ್ಣ, ಊರಿಗೆಲ್ಲ ಪರಸಣ್ಣ, ಸೊಸೈಟಿ ಚುನಾವಣೆಯಲ್ಲಿ ಆರಿಸಿ ಬಂದಿದ್ದ. ಓಟು ಹಾಕಿದವರಿಗೆಲ್ಲ ಊಟ ಹಾಕಬೇಕು, ಅದೂ ಬರೀ ಸಾರು ಅನ್ನ ನಡೆಯುವುದಿಲ್ಲ, ಕೋಳಿಯ ಕಾಲು ಕರಿದೇ ಕೊಡಬೇಕು ಅಂತ ಗೆಳೆಯರ ಹಟ. ಅಷ್ಟು ಮಂದಿಗೆ ಬಾಣಲೆಯಲ್ಲಿ ಕರಿಯುತ್ತ ಕೂತರೆ ಮೊದಲಿನವರು ಕೈ ತೊಳೆಯುವಾಗ ಕೊನೆಯವರು ಇನ್ನೂ ಬಾಯಿ ನೋಡುತ್ತ ಕೂತಿರಬೇಕಾಗುತ್ತದೆ. ಅಣ್ಣ ತಲೆ ಮೇಲೆ ಕೈ ಹೊತ್ತು ಕೂತಿದ್ದ.

“ಭಟ್ಟಿ ಖಾಲಿ ಬಿದ್ದೈತಲ್ಲರಿ,” ಅಂದಳು ವೈನಿ. “ಬ್ರೆಡ್ಡಿನ ತಾಟು ಅಟ್ಟದ ಮ್ಯಾಲ ಅದಾವ. ನಾ ಮಾಡಿ ತೋರಸ್ತೀನಿ ತಡೀರಿ.”

ಏನು ಹುರುಪು ಅವತ್ತು ಆಕೆಗೆ! ಸೀರೆಯ ನೆರಿಗೆ ಎತ್ತಿ ಕಟ್ಟಿ, ಹಿಂದಿನ ದಿನವೇ ಕೋಳಿಯ ಕಾಲುಗಳಿಗೆ ಚಾಕುವಿನಿಂದ ಗೆರೆ ಎಳೆದು, ಮೊಸರು, ಶುಂಠಿ ಬಳ್ಳೊಳ್ಳಿ, ಬ್ಯಾಡಗಿ ಮೆಣಸಿನಕಾಯಿಯ ಖಾರ, ಅರಿಷಿಣ, ಲಿಂಬೆಹುಳಿ, ಉಪ್ಪು ಎಲ್ಲ ಹಾಕಿ ತಿಕ್ಕಿ, ದೊಡ್ಡ ಡಬರಿಗಳಲ್ಲಿ ತುಂಬಿ ಮುಚ್ಚಿಟ್ಟಳು. “ಮೊಸರಿನ್ಯಾಗ ರಾತ್ರಿ ಎಲ್ಲಾ ಮಲಗಬೇಕು ಬೇ ಇದು. ನಿದ್ದಿ ಆಗಲಿಲ್ಲಂದ್ರ ಮರುದಿವ್ಸ ಸಿಟ್ಟ ಮಾಡ್ತೈತಿ, ಎಲುಬು ಹಿಡಕೊಂಡು ಬಿಡೂದಿಲ್ಲ.” ಮುಂಜಾನೆ ನಮ್ಮದೇ ಅಂಗಡಿಯ ಟೋಸ್ಟು ತರಿಸಿ ಲಟ್ಟಣಿಗೆಯಿಂದ ಕುಟ್ಟಿದಳು. ಪುಡಿ ತೀರ ಸಣ್ಣ ಇರಬಾರದು, ರವೆಯ ಹಾಗೆ ತರಿತರಿ ಇರಬೇಕು. ಮೊಸರಿನಿಂದ ತೆಗೆದ ಕಾಲು ಮೊದಲು ತತ್ತಿಗೆ, ಆಮೇಲೆ ಪುಡಿಗೆ, ಆಮೇಲೆ ಎಣ್ಣೆ ಸವರಿದ ತಾಟಿಗೆ. ಒಂದಕ್ಕೊಂದು ಮುಟ್ಟಬಾರದು. “ಗಾಡ್ಯಾಗ ಕುಂತಂಗ ಇಕ್ಕಟ್ಟ ಕುಂದರಿಸಿದ್ರ ಬೆವರತಾವ, ಗರಿಗರಿ ಆಗೂದಿಲ್ಲ.”

ಇದನ್ನೆಲ್ಲ ಹೀಗೆ ಬಿಡಿಸಿ ಬರೆಯುವ ಧೈರ್ಯ ನನಗೆ ಹೇಗೆ ಬಂತೆಂದರೆ, ನಮ್ಮಣ್ಣ ಪೇಪರಿನಲ್ಲಿ ಗೋವಿನಜೋಳದ ದರ ಬಿಟ್ಟು ಬೇರೇನನ್ನೂ ಓದುವವನಲ್ಲ.

ಭಟ್ಟಿಯ ಕಾವು ನೋಡಲು ಆಕೆ ಒಂದು ಚಿಟಿಕೆ ಟೋಸ್ಟಿನ ಪುಡಿಯನ್ನು ಒಳಗಿನ ಹಾಸಿನ ಮೇಲೆ ಒಗೆಯುತ್ತಿದ್ದಳು. ಒಗೆದ ಕೂಡಲೇ ಕರ್ರಗಾದರೆ ಇನ್ನೂ ತಡೆಯಬೇಕು. ನಿಧಾನಕ್ಕೆ ಕೆಂಪಗಾದರೆ ತಾಟು ಒಳಗೆ. ಆಮೇಲೆ ಕೆಲಸವೆಲ್ಲ ಮೂಗಿನದು. ಭಟ್ಟಿಯ ಬಾಯಿಗೆ ತಗಡು ಮುಚ್ಚಿ, ಅದರ ಎದುರು ಕುಕ್ಕರಗಾಲಲ್ಲಿ ಕೂತು, ಕಣ್ಣು ಮುಚ್ಚಿ ವಾಸನೆ ನೋಡುತ್ತಿದ್ದಳು. “ಈಗ ಮೊಸರು ಒಣಗೇತಿ… ಈಗ ಬಳ್ಳೊಳ್ಳಿ ಕೆಂಪಾತು… ತಗಿ, ತಗಿ, ತಗಿ, ಹೊಳ್ಳಿಸೂಣು!” ಉದ್ದ ಹಿಡಿಕೆಯ ಕಟ್ಟಿಗೆಯ ಸಲಿಕೆಯಿಂದ ತಾಟು ಎಳೆದು, ಒಂದೊಂದು ಕಾಲನ್ನೂ ಮಗ್ಗಲು ಹೊರಳಿಸಿ ಮತ್ತೆ ತಳ್ಳುತ್ತಿದ್ದಳು. ಆಕೆಯ ಮುಂಗೈ ಮೇಲೆ ಒಂದು ಕೂದಲೂ ಇರಲಿಲ್ಲ, ಎಲ್ಲ ಭಟ್ಟಿಯ ಕಾವಿಗೆ ಹೋಗಿತ್ತು.

ಅವತ್ತು ಊಟಕ್ಕೆ ಕೂತ ಅಷ್ಟೂ ಮಂದಿಗೆ ಒಂದೇ ಹೊತ್ತಿಗೆ, ಬಿಸಿಬಿಸಿ, ಹಲ್ಲು ಊರಿದರೆ ಕರುಂ ಅನ್ನುವ ಕೋಳಿ ಬಡಿಸಿದೆವು. ಮಂದಿ ಹುಚ್ಚಾದರು. ವೈನಿ ಭಟ್ಟಿ ಕೋಣೆಯ ಬಾಗಿಲಲ್ಲಿ ನಿಂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಳ್ಳುತ್ತ, ಅವರು ತಿನ್ನುವುದನ್ನು ನೋಡಿ ನಗುತ್ತಿದ್ದಳು. ಆಕೆ ಅಷ್ಟು ಖುಷಿಯಾಗಿದ್ದದ್ದನ್ನು ನಾನು ಮತ್ತೆ ಎಂದೂ ನೋಡಲಿಲ್ಲ.

ಅದೇ ತಪ್ಪಾಯಿತು ನೋಡಿ.

ಪರಸಣ್ಣ ಕೆಟ್ಟವನಲ್ಲ. ಹೆಂಡತಿಗೆ ಒಂದು ಮಾತು ಬೈದವನಲ್ಲ, ಕುಡಿಯುವವನಲ್ಲ. ಆದರೆ ಆತನಿಗೊಂದು ರೋಗವಿದೆ. ಯಾರು ಏನು ಕೇಳಿದರೂ “ಹೂಂ, ಅದಕ್ಕೇನಾತು!” ಅನ್ನದೆ ಆತನಿಗೆ ಉಂಡದ್ದು ಕರಗುವುದಿಲ್ಲ. ಸೊಸೈಟಿಯವರ ಊಟವಾದ ಮೇಲೆ ಗೆಳೆಯನ ಮಗನ ಜವಳ, ಅದಾದ ಮೇಲೆ ಯಾರದೋ ಮನೆ ವಾಸ್ತುವಿನ ಮರುದಿನದ ಊಟ, ಯಾರದೋ ಬರ್ತ್‌ಡೇ. ಎಲ್ಲರೂ ಹಾದಿಯಲ್ಲಿ ಅಣ್ಣನನ್ನು ನಿಲ್ಲಿಸಿ ಕೇಳುವವರೇ. “ಪರಸಣ್ಣಾ, ನಿಮ್ಮ ಭಟ್ಟಿ ಕೋಳಿ?” “ಹೂಂ, ಅದಕ್ಕೇನಾತು!” ಮನೆಗೆ ಬಂದು ಚಪ್ಪಲಿ ಬಿಡುತ್ತ ಹೇಳುತ್ತಿದ್ದ: “ಶೋಭಾ, ಐತವಾರ ಸ್ವಲ್ಪ ಮಂದಿ ಅದಾರ.” ಆ ಸ್ವಲ್ಪ ಅಂದರೆ ಒಂದು ಓಣಿ ಅಂತ ತಿಳಿಯಬೇಕು.

ಹಿತ್ತಲ ಕೋಣೆಯ ಬಾಗಿಲಿಗೆ ಹೊರಗಿನ ಚಿಲಕ ಹಾಕಿಸಿಕೊಂಡವಳೂ ವೈನಿಯೇ. ಹೇಳಿದರೆ ನಗು ಬರುತ್ತದೆ, ಹೊಟ್ಟೆಯೂ ಉರಿಯುತ್ತದೆ. ಆ ಬಾಗಿಲು ಹೊರಕ್ಕೆ ತೆರೆಯುವಂಥದ್ದು, ಒಳಗಿನ ಅಗುಳಿ ಎಂದೋ ಮುರಿದು ಹೋಗಿತ್ತು. ಹೊಲದ ಕಡೆಯಿಂದ ಗಾಳಿ ಬಂದರೆ ಬಾಗಿಲು ದಢಾರನೆ ಹಾರಿ, ಭಟ್ಟಿಯ ಕಾವು ಇಳಿದು, ಕೋಳಿ ಮೇಲೆ ಕೆಂಪು, ಒಳಗೆ ಹಸಿ. ಅದು ಸಾಲದೆಂಬಂತೆ, ಬಂದ ನೆಂಟರೆಲ್ಲ ಒಬ್ಬೊಬ್ಬರಾಗಿ ಬಾಗಿಲು ತೆಗೆದು ಇಣುಕುವರು. “ಆತೇನ್ರಿ ಅಕ್ಕಾರ?” ಅನ್ನುವರು, ಒಂದು ಚೂರು ಕಿತ್ತುಕೊಂಡು ಹೋಗುವರು. ವೈನಿಗೆ ತಲೆ ಕೆಟ್ಟು ಹೋಯಿತು. “ಹೊರಗಿಂದ ಚಿಲಕಾ ಹಾಕ್ರಿ ಅತ್ತಾಗ! ಆದಮ್ಯಾಲ ನಾ ಸಲಿಕಿಲೆ ಬಾಗಲಾ ಬಡೀತೀನಿ, ತಗೀರಂತ,” ಅಂದಳು. ಅಣ್ಣ ಮರುದಿನವೇ ಬಡಿಗೇರರನ್ನು ಕರೆಸಿ ಒಂದು ಗಟ್ಟಿ ಚಿಲಕ ಹೊಡೆಸಿದ.

ಅಂದಿನಿಂದ ನಾವಿಬ್ಬರೂ ಊರಿನ ಸುಖದ ದಿನಗಳನ್ನೆಲ್ಲ ಆ ಕೋಣೆಯೊಳಗೆ ಕಳೆದೆವು. ಗೋಡೆಯ ಮೇಲ್ಗಡೆ ಒಂದು ಬೆಳಕಿಂಡಿ, ಕೈ ಅಗಲದ್ದು. ಅದರಿಂದ ಆಕಾಶದ ಒಂದು ತುಂಡು ಕಾಣುತ್ತಿತ್ತು, ಮಂದಿಯ ಸದ್ದು ಕೇಳುತ್ತಿತ್ತು. ಸದ್ದಿನ ಮೇಲೆಯೇ ವೈನಿ ಹೊರಗೆ ಏನು ನಡೆದಿದೆ ಅಂತ ಹೇಳುತ್ತಿದ್ದಳು. “ಕೇಕ ಕೊಯ್ದರು ನೋಡ. ಈಗ ಕೂಸು ಅಳತೈತಿ ತಡಿ… ಹಾಂ, ಅತ್ತಿತು.” “ನಿಮ್ಮ ದೊಡ್ಡ ಕಾಕಾ ಭಾಷಣಕ್ಕ ನಿಂತ. ಗಡಬಡಿ ಬ್ಯಾಡ, ಇನ್ನೊಂದು ತಾಟು ಇಡೂಣು.” “ಅಯ್ಯ, ಆಕಿ ನಗೂದ ಕೇಳ! ಹೊಸಾ ಸೀರಿ ಉಟ್ಟಾಳ ಇವತ್ತ, ಇಲ್ಲಂದ್ರ ಹಂಗ ನಗಾಂಗಿಲ್ಲ.” ಹೊರಗೆ ಬಂದು ನೋಡಿದರೆ ನಕ್ಕವಳು ಖರೆಯೇ ಹೊಸ ಸೀರೆ ಉಟ್ಟಿರುತ್ತಿದ್ದಳು. ನಾನು ಬಿದ್ದು ಬಿದ್ದು ನಗುತ್ತಿದ್ದೆ. ಆದರೆ ನಾವು ಹೊರಗೆ ಬರುವುದರೊಳಗೆ ಎಲ್ಲ ಮುಗಿದಿರುತ್ತಿತ್ತು. ಖಾಲಿ ಪತ್ರಾವಳಿ, ಎಲುಬು, ತೇಗುತ್ತ ಹೊರಟ ಗಂಡಸರು. ವೈನಿಗೆ ಆ ಹೊತ್ತಿಗೆ ಕೋಳಿಯ ವಾಸನೆಯೇ ಬೇಡವಾಗಿರುತ್ತಿತ್ತು. ಒಂದು ಬಟ್ಟಲು ಮಜ್ಜಿಗೆ ಅನ್ನ ಉಂಡು ಮಲಗುತ್ತಿದ್ದಳು.

ಒಮ್ಮೆ ಏನಾಯಿತು, ಪೇಟೆಯ ದೊಡ್ಡ ಮನುಷ್ಯರೊಬ್ಬರ ಮನೆಯ ಊಟ ನಮ್ಮ ಹಿತ್ತಲಲ್ಲೇ ನಡೆಯಿತು. ಅಡುಗೆ ಅವರಿಗೆ ಎಷ್ಟು ಹಿಡಿಸಿತೆಂದರೆ ಅಲ್ಲೇ ಸನ್ಮಾನ ಮಾಡಲು ನಿಂತರು. ಒಳಗೆ ನಮಗೆ ಮೈಕಿನಲ್ಲಿ ಎಲ್ಲ ಕೇಳುತ್ತಿತ್ತು. “ಇಂಥಾ ಕೋಳಿ ನಾವು ಗೋವಾದಾಗ ಸುದ್ದಾ ತಿಂದಿಲ್ಲ,” ಅಂದರು. ವೈನಿ ತಟ್ಟನೆ ಸೆರಗು ಸರಿ ಮಾಡಿಕೊಂಡಳು, ನನ್ನ ಕಡೆ ನೋಡಿ, “ಮುಖದ ಮ್ಯಾಲ ಮಸಿ ಐತೇನ?” ಅಂತ ಕೇಳಿದಳು. ನಾನು ಒರೆಸಿದೆ. ಈಗ ಚಿಲಕ ತೆಗೆಯುತ್ತಾರೆ ಅಂತ ಇಬ್ಬರೂ ಬಾಗಿಲ ಕಡೆಯೇ ನೋಡುತ್ತ ನಿಂತೆವು. ಚಪ್ಪಾಳೆ ಬಿತ್ತು. ಶಾಲು ಹೊದಿಸಿದ್ದು ಪರಸಣ್ಣನಿಗೆ.

ಆತ ಆ ಶಾಲು ಹೊದ್ದುಕೊಂಡೇ ಒಳಗೆ ಬಂದ, ಪಾಪ, ಮುಖ ಅರಳಿತ್ತು. “ನೋಡ ಶೋಭಾ, ಎಂಥಾ ಶಾಲು!” ವೈನಿ ಅದನ್ನು ಮುಟ್ಟಿ ನೋಡಿದಳು. “ಚಲೋ ಐತ್ರಿ, ದಪ್ಪ ಐತಿ,” ಅಂದಳು. ಮುಂದೆ ಆ ಶಾಲು ಮೊಸರು ಹಚ್ಚಿದ ಕೋಳಿಯ ಡಬರಿ ಮೇಲೆ ಹೊದಿಸಲು ಉಪಯೋಗವಾಯಿತು. ಅಣ್ಣ ಕೇಳಿದ್ದಕ್ಕೆ, “ಕೋಳಿಗೆ ಮಾಡಿದ ಸನ್ಮಾನ ಅಲ್ಲೇನ್ರಿ, ಕೋಳಿಗೇ ಹೊಚ್ಚೀನಿ,” ಅಂದಳು. ಆತ ನಕ್ಕ. ಆಕೆ ನಗಲಿಲ್ಲ.

ಆಕೆ ಒಲ್ಲೆ ಅನ್ನಲಿಲ್ಲವೇ ಅಂತ ನೀವು ಕೇಳಬಹುದು. ಅಂದಳು, ಎಷ್ಟೋ ಸಲ ಅಂದಳು. ಮೈ ಸರಿ ಇಲ್ಲ ಅಂದಳು, ಕೈ ನೋಯುತ್ತದೆ ಅಂದಳು. ಆಗ ಕೇಳಿದವರು ತಾವೇ ಮನೆಗೆ ಬಂದು, ಪಡಸಾಲೆಯಲ್ಲಿ ಕೂತು, “ನಿಮ್ಮ ಕೈಯಾಗ ಏನೋ ಐತ್ರಿ ಅಕ್ಕಾರ, ಬ್ಯಾರೆ ಯಾರಿಗೂ ಅದು ಬರೂದಿಲ್ಲ,” ಅಂತ ಹೊಗಳುವರು. ಬೈದವರಿಗೆ ಹೊಳ್ಳಿ ಬೈಯಬಹುದು, ಹೊಗಳಿದವರಿಗೆ ಏನು ಮಾಡುತ್ತೀರಿ? ಅವರು ಹೋದ ಮೇಲೆ ವೈನಿ ಸುಮ್ಮನೆ ಹೋಗಿ ಬಳ್ಳೊಳ್ಳಿಯ ಬುಟ್ಟಿ ತರುತ್ತಿದ್ದಳು.

ಒಂದೇ ಒಂದು ಕಡೆ ಮಾತ್ರ ಆಕೆ ಗಟ್ಟಿಯಾಗಿ ಕಾಲೂರಿ ನಿಂತಳು. ಮಗಳು ಅಶ್ವಿನಿಯ ಲಗ್ನ ಹಳಿಯಾಳದ ಕಡೆಯ ಮನೆತನಕ್ಕೆ ನಿಶ್ಚಯವಾದ ದಿನ, ಎಲ್ಲರೂ ಕೂತಿರುವಾಗಲೇ ಹೇಳಿದಳು. “ಇದೊಂದಕ್ಕ ನಾ ಭಟ್ಟಿ ಮುಂದ ಕುಂದರೂದಿಲ್ಲ. ನನ್ನ ಮಗಳ ಉಡಿ ನಾನ ತುಂಬಬೇಕು. ನನ್ನ ಕೈಲೆ ತುಂಬಿ ಗಾಡಿ ಹತ್ತಿಸಬೇಕು. ಆಕಿ ಮುಂದ ಜನ್ಮದಾಗ ನೆನಸಿದ್ರ ನನ್ನ ಮಾರಿ ನೆನಪಾಗಬೇಕು, ಬಾಗಲಾ ಅಲ್ಲ.”

ನಮ್ಮ ಕಡೆ ಮಗಳನ್ನು ಗಂಡನ ಮನೆಗೆ ಕಳಿಸುವಾಗ ಅಕ್ಕಿ, ಕೊಬ್ಬರಿ, ಅರಿಷಿಣ ಬೇರು, ಎಲೆ ಅಡಿಕೆ ಅವಳ ಸೆರಗಿಗೆ ಹಾಕಿ ಗಂಟು ಕಟ್ಟಿ ಕಳಿಸುತ್ತೇವೆ. ಅದು ತಾಯಿಯ ಕೈ. ನನ್ನ ಉಡಿ ನಮ್ಮವ್ವ ತುಂಬಿದ್ದಳು. ಆ ಮನೆಯಲ್ಲಿ ನನಗೆ ಏನೇ ಆಗಿರಲಿ, ಆ ಅಕ್ಕಿಯ ಭಾರ ಇವತ್ತಿಗೂ ನನ್ನ ಮಡಿಲಿಗೆ ನೆನಪಿದೆ. ಅಣ್ಣ ಎಲ್ಲರ ಎದುರು, “ಆತು ಬಿಡ, ಕಾಂಟ್ರ್ಯಾಕ್ಟಿಗೆ ಕೊಡೂಣು,” ಅಂದ. ವೈನಿ ಅಂದೇ ಹುಬ್ಬಳ್ಳಿಗೆ ಹೋಗಿ ತನಗೊಂದು ಹಸಿರು ಇಳಕಲ್ಲ ಸೀರೆ ತಂದಳು, ನನಗೂ ಒಂದು ತಂದಳು.

ಲಗ್ನಕ್ಕೆ ವಾರವಿರುವಾಗ ಬೀಗರ ಹಿರಿಯರ ಫೋನು ಬಂತು. ಲಗ್ನದ ಮರುದಿನ ನಮ್ಮ ಮನೆಯಲ್ಲಿ ಬೀಗರ ಊಟ. “ನಮ್ಮ ಮಂದಿ ಎಲ್ಲಾ ಭಟ್ಟಿ ಕೋಳಿ ಸಲುವಾಗಿ ಕಾಯಾಕತ್ತಾರ್ರಿ, ಅಗದಿ ಹೊಟ್ಟಿ ಖಾಲಿ ಇಟಗೊಂಡು ಬರ್ತೀವಿ,” ಅಂತ ಆ ಕಡೆಯಿಂದ ನಗು. ಅಣ್ಣ ನಮ್ಮ ಎದುರೇ ನಿಂತಿದ್ದ. ವೈನಿ ಆತನ ಬಾಯನ್ನೇ ನೋಡುತ್ತಿದ್ದಳು.

“ಹೂಂ, ಅದಕ್ಕೇನಾತು!” ಅಂದ ಅಣ್ಣ.

ಫೋನಿಟ್ಟ ಮೇಲೆ ಮೂರು ಮಾತಿನಲ್ಲಿ ಸಮಾಧಾನ ಹೇಳಿದ. “ಹೆಣ್ಣ ಕೊಟ್ಟ ಮನಿ, ಇಲ್ಲ ಅನ್ನಾಕ ಬರೂದಿಲ್ಲ ಶೋಭಾ. ಊಟ ಒಂದಕ್ಕ, ಮಗಳನ ಕಳಸೂದು ಮೂರಕ್ಕ. ನಿಂದೆಲ್ಲಾ ಮುಗಿಸಿ, ಜಳಕಾ ಮಾಡಿ, ಸೀರಿ ಉಟ್ಟು ಆರಾಮ ಬಾ.” ಲೆಕ್ಕವೇನೋ ಸರಿ ಇತ್ತು.

ಆ ಬುಧವಾರ ಮುಂಜಾನೆ ನಾವು ಒಳಗೆ ಹೋದೆವು, ಅಣ್ಣ ಹೊರಗಿನಿಂದ ಚಿಲಕ ಹಾಕಿದ. ನನ್ನ ಫೋನು ಪಡಸಾಲೆಯಲ್ಲಿ ಚಾರ್ಜಿಗಿತ್ತು, ವೈನಿಯದನ್ನು ಅಶ್ವಿನಿ ಫೋಟೊಗೆಂದು ಇಸಿದುಕೊಂಡಿದ್ದಳು. ವೈನಿಯ ಕೈ ಅವತ್ತು ಮಷಿನ್ ಹಾಗೆ ಓಡುತ್ತಿತ್ತು. ಮೂಗು ತುರಿಸು ಅಂತ ಒಮ್ಮೆಯೂ ಕರೆಯಲಿಲ್ಲ. ಹೊರಗೆ ಬ್ಯಾಂಜೋದವರು ಬಂದರು, ಹಿತ್ತಲ ನೆಲವೇ ಗುಡುಗುವ ಹಾಗೆ ಬಾರಿಸತೊಡಗಿದರು. ಬಹಳಷ್ಟು ತಾಟು ಮುಗಿದಿದ್ದವು, ಇನ್ನೂ ಸ್ವಲ್ಪ ಉಳಿದಿದ್ದವು. ಆಗ ಬೆಳಕಿಂಡಿಯಿಂದ ನಮ್ಮವ್ವನ ದನಿ ಕೇಳಿತು: “ಉಡಿ ಅಕ್ಕಿ ಎಲ್ಲಿಟ್ಟೀರಿ ಬೇ? ಲಗೂನ ತರ್ರಿ! ಹನ್ನೆರಡರೊಳಗ ಹೊಸ್ತಿಲಾ ದಾಟಬೇಕಂತ!”

ವೈನಿಯ ಕೈ ನಿಂತಿತು. ಬೀಗರ ಹಿರಿಯರು ನಮ್ಮ ಗೋಡೆಯ ಕ್ಯಾಲೆಂಡರು ನೋಡಿದ್ದರಂತೆ. ಬುಧವಾರ ಹನ್ನೆರಡಕ್ಕೆ ರಾಹುಕಾಲ ಹತ್ತುತ್ತದೆ, ಅದರೊಳಗೆ ಮದುಮಕ್ಕಳು ಹೊರಟುಬಿಡಲಿ, ಉಳಿದ ಮಂದಿ ಉಂಡು ಬರಲಿ ಅಂತ ನಿಂತ ಕಾಲ ಮೇಲೆ ತೀರ್ಮಾನವಾಗಿತ್ತು. ಇದೆಲ್ಲ ನಮಗೆ ಆಮೇಲೆ ಗೊತ್ತಾದದ್ದು. ಆಗ ಗೊತ್ತಾದದ್ದು ಒಂದೇ, ಅಶ್ವಿನಿ ಹೊರಟಿದ್ದಾಳೆ.

ವೈನಿ ಸಲಿಕೆ ತೆಗೆದುಕೊಂಡು ಬಾಗಿಲು ಬಡಿದಳು. ನಾನೂ ಬಡಿದೆ. “ಅಣ್ಣಾ! ಯವ್ವಾ! ಬಾಗಲಾ ತಗೀರಿ!” ಕೂಗಿ ಕೂಗಿ ನನ್ನ ಗಂಟಲು ಹರಿಯಿತು. ಬ್ಯಾಂಜೋ ಬೇರೆ ಹಾಡು ಹಿಡಿಯಿತು. ಚಿಲಕ ಒಳ್ಳೆ ಕಬ್ಬಿಣದ್ದು, ಅಲುಗಲಿಲ್ಲ. ನಾನು ಅಳತೊಡಗಿದೆ. ವೈನಿ ಅಳಲಿಲ್ಲ. ಸಲಿಕೆ ಕೆಳಗಿಟ್ಟು, ಭಟ್ಟಿಯ ಕಡೆ ನೋಡಿದಳು.

“ಸುನಿ, ಸೆರಗು ಮೂಗಿಗೆ ಕಟಗೋ,” ಅಂದಳು.

ಪರಾತದಲ್ಲಿದ್ದ ಅಷ್ಟೂ ಟೋಸ್ಟಿನ ಪುಡಿಯನ್ನು ಭಟ್ಟಿಯ ಬದಿಯ ಕೆಂಡದ ಮೇಲೆ ಸುರುವಿದಳು. ಬೇಯುತ್ತಿದ್ದ ತಾಟೊಂದನ್ನು ಸಲಿಕೆಯಿಂದ ಕೆಂಡದ ಮೇಲಕ್ಕೇ ನೂಕಿದಳು. ಎಣ್ಣೆ ಚರ್ರೆಂದಿತು. ತಗಡು ತೆಗೆದು ಒಗೆದಳು. ಜೀವಮಾನದಲ್ಲಿ ಒಂದು ತುಂಡೂ ಹೊತ್ತಿಸದ ಹೆಂಗಸು, ಇಪ್ಪತ್ತು ಕಾಲುಗಳು ಕರಿ ಇದ್ದಲಾಗುವುದನ್ನು ಕಣ್ಣು ಪಿಳುಕಿಸದೆ ನೋಡುತ್ತ ನಿಂತಳು. ಹೊಗೆ ಕೋಣೆ ತುಂಬಿ ಬೆಳಕಿಂಡಿಯಿಂದ ಹೊರಗೆ ಹೋಯಿತು.

ಅಷ್ಟು ಹೊತ್ತು ನಾವು ಬಾಗಿಲು ಬಡಿದದ್ದು ಯಾರಿಗೂ ಕೇಳಿರಲಿಲ್ಲ. ಕೋಳಿ ಹೊತ್ತಿದ ವಾಸನೆ ಮಾತ್ರ ಊರಿಗೆಲ್ಲ ಒಮ್ಮೆಲೇ ಹತ್ತಿತು! “ಏ, ಕೋಳಿ ಹೊತ್ತಾಕತ್ತೈತೋ!” ಅಂತ ಗಂಡಸರು ಓಡಿ ಬಂದರು, ಚಿಲಕ ಕಿತ್ತು ಬರುವ ಹಾಗೆ ಎಳೆದರು. ಅಣ್ಣ ಕೊಡ ಹಿಡಿದುಕೊಂಡು ಎಲ್ಲರಿಗಿಂತ ಮುಂದೆ ನುಗ್ಗಿದ. ಎಲ್ಲರೂ ತಾಟುಗಳ ಕಡೆ ಹೋದರು. ಅವರ ನಡುವೆ ಹಾದು ವೈನಿ ಹೊರಗೆ ಹೋದಳು, ನಾನು ಆಕೆಯ ಹಿಂದೆ ಓಡಿದೆ.

ಗಾಡಿ ಚಾಲೂ ಇತ್ತು. ಬಾಗಿಲಲ್ಲಿ ಅಶ್ವಿನಿ ಸೆರಗು ಒಡ್ಡಿ ನಿಂತಿದ್ದಳು, ನಮ್ಮವ್ವ ಅಕ್ಕಿ ಹಾಕುತ್ತಿದ್ದಳು. ಗಂಟು ಇನ್ನೂ ಕಟ್ಟಿರಲಿಲ್ಲ. ಸಿಕ್ಕಳು ಅಂದುಕೊಂಡೆ ನಾನು, ದೇವರೇ, ಸಿಕ್ಕಳು! ವೈನಿ ಅಕ್ಕಿಯ ಮೊರಕ್ಕೆ ಕೈ ಚಾಚಿದಳು.

ಬೀಗತಿ, ಅಂದರೆ ಅಶ್ವಿನಿಯ ಅತ್ತೆ, ಮೆಲ್ಲಗೆ ಮೊರ ಹಿಂದಕ್ಕೆ ಸರಿಸಿದಳು.

“ಬ್ಯಾಡ್ರೀ ಬೀಗತ್ಯಾರ, ಆ ಕೈಲೆ ಬ್ಯಾಡ. ಮಾಂಸದ ಕೈ ಐತಿ. ತಲಿ ಮ್ಯಾಲ ನೀರ ಹಾಕ್ಕೊಂಡ ಬರಬೇಕಾಕ್ಕೈತಿ, ಅಷ್ಟ ವ್ಯಾಳ್ಯಾ ಇಲ್ಲ. ನೀವು ಕಣ್ಣಿಲೆ ನೋಡಿದ್ರ ಮುಗೀತು.”

ಸಿಟ್ಟಿನಿಂದಲ್ಲ, ಅಗದಿ ಮರ್ಯಾದೆಯಿಂದ ಹೇಳಿದಳು. ವೈನಿ ತನ್ನ ಕೈ ನೋಡಿಕೊಂಡಳು. ಬಲಗೈ ತುಂಬ ಒಣಗಿದ ತತ್ತಿ, ಎಡಗೈ ತುಂಬ ಪುಡಿ, ಎರಡಕ್ಕೂ ಮಸಿ.

“ಹಾಕ ಅವ್ವಾ,” ಅಂದಳು ಅಶ್ವಿನಿ, ಸೆರಗು ಇನ್ನಷ್ಟು ಮುಂದೆ ಒಡ್ಡಿ. “ನೀ ಹಾಕ, ನಾ ತಗೋತೀನಿ.”

“ಹೊಸಾ ಮನಿಗೆ ಹೋಗೂ ಹುಡಿಗಿ, ಹಟಾ ಮಾಡಬಾರ್ದು,” ಅಂದಳು ನಮ್ಮವ್ವ. ನನಗೆ ತಡೆಯಲಾಗಲಿಲ್ಲ. “ಆ ಕೈಯಾಗಿನ ಕೋಳಿ ತಿನ್ನಾಕ ಹಿತ್ತಲ ತುಂಬ ಕುಂತೀರಿ, ಆ ಕೈಯಾಗಿನ ಅಕ್ಕಿ ಬ್ಯಾಡೇನು ನಿಮಗ?” ಅಂತ ಅಂದೇಬಿಟ್ಟೆ. ಅವ್ವ ನನ್ನ ತೋಳು ಹಿಂಡಿದಳು. ಮನೆ ಬಿಟ್ಟು ಬಂದವಳ ಮಾತಿಗೆ ಅಂಥ ಹೊತ್ತಿನಲ್ಲಿ ಏನು ಬೆಲೆ?

ವೈನಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಳು. “ಹೋಗಿ ಬಾ ಯವ್ವಾ,” ಅಂದಳು. ಅವ್ವ ಗಂಟು ಕಟ್ಟಿದಳು. ಗಾಡಿ ಓಣಿ ದಾಟಿತು. ಆಕೆ ನಲ್ಲಿಯ ಹತ್ತಿರ ಕೂತು ಕೈ ತಿಕ್ಕಿ ತಿಕ್ಕಿ ತೊಳೆದಳು, ಮತ್ತೆ ತೊಳೆದಳು. ನಾನು ಬಾಜೂಕ ಕೂತೆ. ಆಮೇಲೆ ಏನಂದಳು ಗೊತ್ತೇ? “ಇನ್ನ ಎರಡು ತಾಟು ಒಳಗ ಅದಾವ ಸುನಿ. ನಡಿ, ಹೊತ್ತಿ ಹೋದಾವು.” ಎದ್ದು ಹೋದಳು.

ಹೊತ್ತಿದ್ದನ್ನು ತೆಗೆದು ಉಳಿದದ್ದನ್ನು ಬಡಿಸಿದರು. ಬೀಗರು ಎಲುಬು ಚೀಪುತ್ತ, “ಒಂಚೂರು ಹೊಗಿ ಹತ್ತೇತಿ ನೋಡ್ರಿ, ಅದರಾಗೂ ಏನೋ ಒಂದ ರುಚಿ ಐತಿ!” ಅಂತ ತಲೆದೂಗಿದರು. ಹೊತ್ತಿಸಿದರೂ ಬಿಡುಗಡೆ ಇಲ್ಲ ಅಂದರೆ ಏನು ಮಾಡಬೇಕು ಹೇಳಿ. ಮುಂದಿನ ತಿಂಗಳು ಅಣ್ಣ ಇನ್ನೊಬ್ಬರಿಗೆ ಹೂಂ ಅಂದು ಬಂದ. ವೈನಿ ಬಳ್ಳೊಳ್ಳಿಯ ಬುಟ್ಟಿ ತರಲಿಲ್ಲ. “ತಂಗಿ ಊರಿಗೆ ಹೋಗಿ ಎಂಟು ದಿನ ಇದ್ದು ಬರ್ತೀನ್ರಿ,” ಅಂದು ಚೀಲ ತೆಗೆದುಕೊಂಡು ಲೋಂಡಾಕ್ಕೆ ಹೋದಳು. ಆ ಎಂಟು ದಿನ ಇನ್ನೂ ಮುಗಿದಿಲ್ಲ, ಎರಡು ವರ್ಷವಾಯಿತು.

ಮೊದಲು ಅಣ್ಣ ಹೋಗಿ ಕರೆದ. ಆಮೇಲೆ ಅವ್ವ ಹೋದಳು. ಈ ಸಲ ನನ್ನನ್ನು ಕಳಿಸಿದರು. “ನಿನ್ನ ಮಾತ ಕೇಳ್ತಾಳ, ಕರಕೊಂಡ ಬಾ,” ಅಂದ ಅಣ್ಣ. ಸೊರಗಿದ್ದ; ಖರೆಯೇ ಆತನಿಗೆ ಹೆಂಡತಿಯ ನೆನಪಿತ್ತು. ಧಾರವಾಡದಿಂದ ರೈಲು ಹತ್ತಿ ಹೋದೆ.

ಲೋಂಡಾ ಸ್ಟೇಷನ್ನಿನ ಹೊರಗೆ ಆಕೆಯ ತಂಗಿಯದೊಂದು ಚಹಾದ ಗೂಡಂಗಡಿ. ವೈನಿ ಸ್ಟೋವಿನ ಮುಂದೆ ನಿಂತು ಚಹಾ ಸೋಸುತ್ತಿದ್ದಳು. ನನ್ನನ್ನು ನೋಡಿ, “ಬಂದ್ಯಾ ಬೇ,” ಅಂದು, ಮರದ ಬಾಕಿನ ಮೇಲೆ ಕೂಡಿಸಿ, ತಾನೂ ಒಂದು ಕಪ್ಪು ತೆಗೆದುಕೊಂಡು ಬಾಜೂಕ ಕೂತಳು. ಆಕೆಯ ಮುಂಗೈ ಮೇಲೆ ಸಣ್ಣಗೆ ಕೂದಲು ಮೂಡಿದ್ದವು.

“ನನ್ನ ನೋಡಾಕ ಬಂದೀದ್ಯೋ, ಭಟ್ಟಿ ಸಲುವಾಗಿ ಬಂದೀದ್ಯೋ?”

“ನಿನ್ನ ನೋಡಾಕ,” ಅಂದೆ. “ಕರಿಯಾಕೂ ಹೌದು.”

ಆಕೆ ನಕ್ಕಳು. “ಇಲ್ಲಿ ಅಗದಿ ಆರಾಮ ಅದೀನಿ ಸುನಿ. ಚಹಾ ಚಲೋ ಆದ್ರೂ ಕುಡದು ಹೋಗ್ತಾರ, ಕೆಟ್ಟರೂ ಕುಡದು ಹೋಗ್ತಾರ. ರೈಲು ಬರ್ತೈತಿ, ನನ್ನ ಮಾರಿ ಸುದ್ದಾ ನೋಡೂದಿಲ್ಲ. ಒಬ್ಬ ಒಂದ ಸಲ ಹೊಗಳಿದಾ. ಮರುದಿವ್ಸ ಸಕ್ರಿ ಕಡಿಮಿ ಹಾಕಿ ಕೊಟ್ಟೆ.”

ಅಶ್ವಿನಿ ಬರುತ್ತಾಳೇನು ಅಂತ ಕೇಳಿದೆ. ತಿಂಗಳಿಗೊಮ್ಮೆ ಬರುತ್ತಾಳಂತೆ. “ಹಂಗಾರ ಇಲ್ಲೇ ಒಮ್ಮೆ ಆಕಿ ಉಡಿ ತುಂಬಿ ಬಿಡಬೇಕಿತ್ತಲ್ಲ ವೈನಿ? ಮನಸಿಗೆ ಸಮಾಧಾನ ಆಗತಿತ್ತು,” ಅಂದೆ.

ಆಕೆ ಕಪ್ಪು ಕೆಳಗಿಟ್ಟಳು. “ತುಂಬೇನಿ. ಬಂದಾಗೊಮ್ಮೆ ತುಂಬತೀನಿ. ಖರೆ ಅದು ಹೊಳ್ಳಿ ಬರೂ ಮಗಳ ಉಡಿ. ಬಿಟ್ಟು ಹೋಗೂ ಮಗಳ ಉಡಿ ಒಂದ ಸಲ ತುಂಬೂದು ಬೇ. ಅದು ಹೋತು.” ಕಣ್ಣು ತುಂಬಿ ಬಂದವು ಆಕೆಗೆ. ಒರೆಸಿಕೊಳ್ಳಲು ಕೈ ಎರಡೂ ಖಾಲಿ ಇದ್ದರೂ ಒರೆಸಿಕೊಳ್ಳಲಿಲ್ಲ. ನಾನೇ ಒರೆಸಿದೆ.

ನನ್ನ ರೈಲಿನ ಹೊತ್ತಾಯಿತು. ಪ್ಲಾಟ್‌ಫಾರ್ಮಿನವರೆಗೆ ಬಂದಳು. ನಾನು ಡಬ್ಬಿ ಹತ್ತಿದ ಮೇಲೆ ಕಿಟಕಿಯ ಸರಳು ಹಿಡಿದು ಹೇಳಿದಳು: “ಸುನಿ, ನನ್ನ ಬಾಜೂಕ ಕುಂತು ನೀ ಎಲ್ಲಾ ಕಲ್ತೀದಿ. ನನಗಿಂತ ಚಲೋ ಬರ್ತೈತಿ ನಿನಗ. ಯಾರ ಮುಂದೂ ಬಾಯಿ ಬಿಡಬ್ಯಾಡ. ಬರೂದಿಲ್ಲ ಅನ್ನು. ಅವರು ಹೊಗಳಿದರೂ ಬರೂದಿಲ್ಲ ಅನ್ನು, ಬೈದರೂ ಬರೂದಿಲ್ಲ ಅನ್ನು. ನನಗ ಹೋಗಾಕ ತಂಗಿ ಮನಿ ಇತ್ತು. ನಿನಗ ಎಲ್ಲೈತಿ?”

ಅದಾದ ಮೇಲೆ ನಾನು ಆಕೆಯನ್ನು ಮತ್ತೆ ನೋಡಿಲ್ಲ.

ಮನೆಗೆ ಬಂದಾಗ ಅಣ್ಣ ಹಿತ್ತಲಲ್ಲಿದ್ದ. ಬ್ರೆಡ್ಡಿನ ತಾಟುಗಳನ್ನೆಲ್ಲ ಅಟ್ಟದಿಂದ ಇಳಿಸಿ, ತಿಕ್ಕಿ, ಬಿಸಿಲಿಗೆ ಒಣಗಿಸಲು ಇಟ್ಟಿದ್ದ. ನಾನು ಒಬ್ಬಳೇ ಬಂದದ್ದನ್ನು ನೋಡಿ ಕೈಯಲ್ಲಿದ್ದ ಕೊನೆಯ ತಾಟನ್ನು ಗೋಡೆಗೆ ಆನಿಸಿಟ್ಟ.

“ಇರಲಿ ಬಿಡ,” ಅಂದ ಕೊನೆಗೆ. “ಐತವಾರ ಸ್ವಲ್ಪ ಮಂದಿ ಅದಾರ, ಹೂಂ ಅಂದೀನಿ. ನಿನಗ ಬರ್ತೈತಲ್ಲ?”

“ಬರೂದಿಲ್ಲ,” ಅಂದೆ.

“ಇಷ್ಟು ವರ್ಷ ಆಕಿ ಬಾಜೂಕ ಇದ್ದಿ.”

“ಬಳ್ಳೊಳ್ಳಿ ಸುಲೀತಿದ್ದೆ ಅಷ್ಟ. ನನಗ ಬರೂದಿಲ್ಲ.”

“ಖರೇನ ಬರೂದಿಲ್ಲ?”

“ಬರೂದಿಲ್ಲಣ್ಣಾ,” ಅಂದೆ ಮೂರನೇ ಸಲ. ಆಗ ನನ್ನ ದನಿ ನಡುಗಿತು. ಅಣ್ಣನಿಗೆ ಅದು ಕೇಳಿಸಿತು.